ಗುಲಾಬಿ ಆಗದ ನೀರು

ಗಚ್ಚಿಬೌಲಿಯ ಒಂದು ದೊಡ್ಡ ಆಫೀಸ್ ಬಿಲ್ಡಿಂಗ್. ಅದರ ಎಸಿಯ ನೀರು ತಣ್ಣಗಾಗೂದು ಟೆರೇಸ್ ಮ್ಯಾಲಿನ ಕೂಲಿಂಗ್ ಟವರ್‌ನಾಗ. ಆ ನೀರಾಗ ಪಾಚಿ, ಕ್ರಿಮಿ ಬೆಳೀಬಾರದಂತ ದಿನಾ ಬ್ರೋಮಿನ್ ಔಷಧ ಹಾಕಾಂವ ನಾನು. "ನೀರಿನ ಟೆಸ್ಟ್ ಫೇಲಾದ ದಿನ ನಿನ್ನ ಕೆಲಸ ಖಲಾಸ್" ಅಂತ ಮ್ಯಾನೇಜರ್ ಸಾಹೇಬ್ರು ಮೊದಲ ದಿನಾನ ಹೇಳಿದ್ರು. ಕ್ರಿಮಿ ಕೊಲ್ಲೂ ಕೆಲಸದಾಗ ನಗೂದೇನೈತಿ ಅಂತೀರಿ. ವಾರಕ್ಕೊಂದರ ನಗೂ ಪ್ರಸಂಗ ಆಗತೈತ್ರಿ, ನಾ ಏನ್ ಮಾಡ್ಲಿ?

೧. ವಾಸನಿ

ಹೊಸದಾಗಿ ಕೆಲಸಕ್ಕ ಸೇರಿದಾಗ ಒಂದಿನ ಹೆಂಡ್ತಿ ನನ್ನ ಅಂಗಿ ಮೂಸಿ ನೋಡಿದಳು.

"ಖರೇ ಹೇಳ್ರಿ, ಕೆಲಸ ಬಿಟ್ಟು ಈಜಾಕ ಹೊಂಟೀರೇನು?"

"ಇಲ್ಲ ಮಾರಾಯ್ತಿ, ಔಷಧದ ವಾಸನಿ. ಈಜುಕೊಳದಾಗೂ ಇಂಥಾದ್ದ ಹಾಕ್ತಾರ."

ಆಕಿ ನಂಬಲಿಲ್ಲ. ಒಳಗ ಹೋಗಿ ರೊಟ್ಟಿ ಬಡಿದು ಹೊರಗ ಬಂದಳು. "ಈಜಾಕ ಹೋಗಿರಾಕಿಲ್ಲ ಬಿಡ್ರಿ. ಕಿವಿ ಹಿಂದಿನ ಹೊಲಸು ಹಂಗ ಐತಿ."

೨. ಪುಕ್ಕಟೆ ಗಾಳಿ

ನಮ್ಮ ಸೆಕ್ಯುರಿಟಿಯವ ರಾಯಚೂರ ಕಡೆಯಾಂವ. ಟವರ್‌ನ ದೊಡ್ಡ ಫ್ಯಾನಿನ ಗಾಳಿ ಸುಮ್ಮನ ಹಾಳಾಗಾಕತ್ತೈತಿ ಅಂತ ಅದರ ಬಾಜೂಕ ಯೂನಿಫಾರ್ಮ್ ಒಣಗಾಕ ಹಾಕಿದ. ಆ ಗಾಳಿ ತುಂಬ ನೀರಿನ ಹನಿ. ಮುಂಜಾನೆ ಹಿಂಡಿ ಹಾಕಿದ ಅಂಗಿ ಮಧ್ಯಾಹ್ನಕ್ಕ ತೊಟ್ಟಿಕ್ಕಾಕತ್ತಿತ್ತು.

"ಅಣ್ಣಾ, ಇನ್ನೊಂದ್ ತಾಸು ಬಿಡೂಣೇನು?"

"ಬಿಡು. ಮೀನೂ ಸಾಕಬಹುದು."

೩. ಗುಲಾಬಿ

ಮೊನ್ನೆ ಹೆಡ್ ಆಫೀಸಿನಿಂದ ತಪಾಸಣೆಯವರು ಬರೂದಿತ್ತು. ಟೆಸ್ಟ್ ಸರಳ: ಸಣ್ಣ ಶೀಶೆಯಾಗ ಟವರ್ ನೀರು ಹಿಡಿದು ಒಂದು ಗುಳಿಗಿ ಹಾಕೂದು. ಔಷಧ ಇದ್ರ ನೀರು ಗುಲಾಬಿ ಆಗತೈತಿ.

ನಾ ಅಳತಿ ಮಾಡಿ ಔಷಧ ಹಾಕಿದ್ದೆ. ಬಣ್ಣ ತೆಳುವಾತು ಅಂತ ಸಾಹೇಬ್ರಿಗೆ ಸಮಾಧಾನ ಇಲ್ಲ. ಗ್ಲೌಸ್ ಹಾಕ್ಕೊಂಡು ತಾವ ಒಂದು ಮಗ್ ತುಂಬ ಔಷಧ ಸುರುವಿದ್ರು. ಸೆಕ್ಯುರಿಟಿಯವನ ಕಡೆಯಿಂದ ಫೋಟೋ ತೆಗೆಸಿ ಹೆಡ್ ಆಫೀಸಿನ ಗ್ರೂಪಿಗೂ ಹಾಕಿದ್ರು. ಟೆಸ್ಟ್ ಮಾಡಿದ್ರ ಬಣ್ಣಾನ ಇಲ್ಲ! ಇನ್ನೊಂದು ಮಗ್, ಇನ್ನೊಂದು ಫೋಟೋ. ಬಣ್ಣ ಇಲ್ಲ. ಮೂರನೇ ಮಗ್, ಮೂರನೇ ಫೋಟೋ.

"ಸಾಹೇಬ್ರ, ಔಷಧ ಅತಿಯಾದ್ರ ಆ ಬಣ್ಣಾನೂ ಸುಟ್ಟು ಹೋಗತೈತ್ರಿ..."

"ನೀ ಬಾಯಿ ಮುಚ್ಚು."

ತಪಾಸಣೆಯವರು ಬಂದು ಗುಳಿಗಿ ಹಾಕಿದ್ರು. ಶೀಶೆಯಾಗಿನ ನೀರು ಗಂಗಾಜಲದಂಗ ತಿಳಿ.

"ಒಂದು ಚಿಟಿಕಿ ಔಷಧಾನೂ ಹಾಕಿಲ್ಲಲ್ರಿ?"

ಸಾಹೇಬ್ರು ನನ್ನ ಕಡೆ ಬೆರಳು ಮಾಡಿದ್ರು. "ಎಲ್ಲಾ ಇವನ ಕೆಲಸ. ನೀವು ಬರೂತನಕ ನಾ ಇವತ್ತು ಟೆರೇಸ್ ಹತ್ತೇ ಇಲ್ಲ."

ಸಿಟ್ಟು ನೆತ್ತಿಗೇರಿತು. ಒಂದು ಮುಚ್ಚಳ ಟವರ್ ನೀರನ್ನ ಕುಡಿಯೂ ನೀರಿನ ಬಾಟ್ಲಿಗೆ ಬೆರೆಸಿ ತೆಳು ಮಾಡಿದೆ. ಅದನ್ನ ಶೀಶೆಗೆ ಹಾಕಿ ಗುಳಿಗಿ ಬಿಟ್ರ ಬೀಟ್‌ರೂಟ್ ರಸದಂಗ ಕೆಂಪಾತು.

ತಪಾಸಣೆಯವರು ಹೌಹಾರಿದ್ರು. "ಇಷ್ಟ್ಯಾಕ ಹಾಕ್ದಿ? ಪೈಪ್ ಎಲ್ಲಾ ತುಕ್ಕು ಹಿಡೀತಾವಲ್ಲೋ!"

ಹಾಕದಿದ್ರೂ ನಾನ, ಹಾಕಿದ್ರೂ ನಾನ. ಕೆಲಸ ಹೋತಂತ ಟಿಫಿನ್ ಡಬ್ಬಿಗೆ ಕೈ ಹಾಕಿದೆ. ಅಷ್ಟರಾಗ ತಪಾಸಣೆಯವರಿಗೆ ಏನೋ ನೆನಪಾಗಿ ತಮ್ಮ ಫೋನ್ ತೆಗೆದ್ರು. ಗ್ರೂಪಿನಾಗ ಮೂರು ಫೋಟೋ. ಮೂರರಾಗೂ ಟವರ್ ಮುಂದ ಸಾಹೇಬ್ರು, ಒಂದು ಕೈಯಾಗ ಮಗ್, ಇನ್ನೊಂದು ಕೈಯ ಹೆಬ್ಬೆರಳು ಮ್ಯಾಲ. ಕೆಳಗ "ನನ್ನ ಖುದ್ದು ಉಸ್ತುವಾರಿಯಲ್ಲಿ" ಅಂತ ಬರದಿತ್ತು.

ನನ್ನ ಕೆಲಸ ಉಳೀತು. ಸೆಕ್ಯುರಿಟಿಯವ ಬಗ್ಗಿ ಫೋನ್ ನೋಡಿ ಅಂದ:

"ಮೂರನೇದ್ರಾಗ ಸಾಹೇಬ್ರು ಭಾಳ ಚಂದ ಬಂದಾರ್ರಿ."