ದೇವರ ಜಗಲಿಯ ಮೇಲಿನ ಬಿ.ಎಸ್ಸಿ.

ಹಾವಿಗೆ ಹೆದರುವವರಿದ್ದಾರೆ, ದೆವ್ವಕ್ಕೆ ಹೆದರುವವರಿದ್ದಾರೆ, ಹಲ್ಲಿನ ಡಾಕ್ಟರರಿಗೆ ಹೆದರುವವರಂತೂ ನಮ್ಮ ಓಣಿಯಲ್ಲೇ ಐದಾರು ಜನ ಸಿಗುತ್ತಾರೆ. ನಾನು ಹೆದರುವುದು ಕಾಗದಕ್ಕೆ. ಇದು ನನಗೆ ಬಳುವಳಿಯಾಗಿ ಬಂದ ಹೆದರಿಕೆ. ಹಲಗೇರಿಯ ನಮ್ಮ ಮನೆಗೆ ಕಂದಾಯದ ಲೆಕ್ಕ ಬರೆಯುವ ತಲಾಟಿ ಬಂದನೆಂದರೆ ನಮ್ಮಜ್ಜ ಮೊದಲು ತನ್ನ ಹೆಬ್ಬೆರಳನ್ನು ಧೋತರದ ಚುಂಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದನಂತೆ. ಎಲ್ಲಿ ಯಾವ ಕಾಗದದ ಮೇಲೆ ಒತ್ತಿಸಿಕೊಂಡುಬಿಡುತ್ತಾರೋ ಎಂದು. ಆ ಮನೆತನದಲ್ಲಿ ಮೊದಲು ಪದವಿ ಕಂಡವನು ನಾನು. ಹಾಗಾಗಿ ಬಳಗದಲ್ಲಿ ಯಾರಿಗೆ ಯಾವ ನೋಟೀಸು ಬಂದರೂ "ಮಂಜ್ಯಾ ಓದಿದಾಂವ ಅದಾನ, ಅಂವಗ ತೋರಸ್ರಿ" ಎಂದು ನನ್ನ ಕೈಗೇ ಕೊಡುತ್ತಾರೆ. ನಾನು ಕನ್ನಡಕ ಏರಿಸಿ, ಗಂಭೀರವಾಗಿ ಹ್ಞೂಂಗುಟ್ಟುತ್ತೇನೆ. ಆ ನೋಟೀಸನ್ನು ಎರಡೇ ಬೆರಳಿನ ತುದಿಯಲ್ಲಿ ಹಿಡಿದಿರುವುದು ಅವರಿಗೆ ಕಾಣುವುದಿಲ್ಲ. ಓದಿದರೆ ಹೆದರಿಕೆ ಹೋಗುತ್ತದೆ ಎಂದು ನಮ್ಮ ಮಾಸ್ತರರು ಹೇಳುತ್ತಿದ್ದರು. ಅದು ಸುಳ್ಳು. ಓದಿದ ಮೇಲೆ ಯಾವುದಕ್ಕೆ ಹೆದರಬೇಕು ಎಂಬುದು ಸ್ವಚ್ಛವಾಗಿ ಓದಲು ಬರುತ್ತದೆ, ಅಷ್ಟೇ. ಈಗ ನಾನೂ ಮಾಸ್ತರನೇ. ರಾಣೆಬೆನ್ನೂರಿನಲ್ಲಿ ಮನೆ, ಹತ್ತು ಮೈಲು ಆಚೆಗಿನ ಒಂದು ಹಳ್ಳಿಯಲ್ಲಿ ಶಾಲೆ, ವಿಜ್ಞಾನ ನನ್ನ ವಿಷಯ. ಈ ಕೊನೆಯ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳದಿದ್ದರೆ ನನಗೇ ಅನುಕೂಲ.

ಇಷ್ಟು ದಿನ ಒಳಗೊಳಗೇ ಇದ್ದ ಈ ಹೆದರಿಕೆಯನ್ನು ಕೆದಕಿದ್ದು ಒಂದು ಧಾರಾವಾಹಿ. ಸಂಜೆ ಏಳೂವರೆಗೆ ಬರುತ್ತದೆ. ಪರದೇಶದ್ದು, ಕನ್ನಡಕ್ಕೆ ಮಾತು ಕೂಡಿಸಿದ್ದಾರೆ. ಅದರಲ್ಲಿ ಇದ್ರಿಸ್ ಎಂಬ ಒಬ್ಬ ಡಾಕ್ಟರ್. ಅವನ ದೇಶದಲ್ಲಿ ಯುದ್ಧವಾಗಿ, ಊರಿಗೆ ಊರೇ ಸುಟ್ಟು, ಉಟ್ಟ ಬಟ್ಟೆಯಲ್ಲೇ ಹಡಗು ಹತ್ತಿ ಯಾವುದೋ ಚಳಿಯ ದೇಶಕ್ಕೆ ಬಂದಿಳಿದಿದ್ದಾನೆ. ತನ್ನ ದೇಶದಲ್ಲಿ ಹೃದಯ ಬಿಚ್ಚಿ ಹೊಲಿಯುತ್ತಿದ್ದ ಮನುಷ್ಯ ಇಲ್ಲಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ. ನನ್ನ ಹೆಂಡತಿ ಶೋಭಾ ಬ್ಯಾಡಗಿಯವಳು. ಮೆಣಸಿನಕಾಯಿ ರಾಶಿಯ ನಡುವೆ ಆಡಿ ಬೆಳೆದವಳು, ಯಾವ ಘಾಟಿಗೂ ಕಣ್ಣಲ್ಲಿ ನೀರು ತಂದವಳಲ್ಲ. ಅಂಥವಳು ಆ ಡಾಕ್ಟರ್ ಮೊದಲ ಸಲ ತಟ್ಟೆ ತೊಳೆದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹದಿನೆಂಟು ವರ್ಷದಿಂದ ನಮ್ಮ ಮನೆಯ ತಟ್ಟೆ ತೊಳೆಯುತ್ತಿರುವ ಅವಳಿಗಾಗಿ ಯಾರೂ ಅತ್ತಿಲ್ಲ ಎಂದು ಹೇಳಬೇಕೆನಿಸಿತು. ಹೇಳಿದರೆ ಮರುದಿನ ಯಾರು ತೊಳೆಯಬೇಕಾಗುತ್ತದೆ ಎಂಬುದು ಹೊಳೆದು ಸುಮ್ಮನಾದೆ.

ನಮ್ಮವ್ವ ಕೂಡ ಗೋಡೆಗೆ ಆನಿಕೊಂಡು ಕುಳಿತು ನೋಡುತ್ತಾಳೆ. ಅಕ್ಷರ ಬಾರದಿದ್ದರೂ ವೈದ್ಯಶಾಸ್ತ್ರದ ಬಗ್ಗೆ ಅವಳಿಗೆ ಖಚಿತ ಅಭಿಪ್ರಾಯಗಳಿವೆ. "ಅಷ್ಟ ರಕ್ತ ಹೋಗೈತಿ, ಒಂದ ಗುಟುಕ ಜ್ವಾಳದ ಗಂಜೀನರ ಕುಡಸಬಾರದ?" ಎಂದು ಟಿ.ವಿ.ಗೇ ಕೇಳುತ್ತಾಳೆ.

ಒಂದು ಸಂಜೆ ಇದ್ರಿಸನನ್ನು ವೈದ್ಯಮಂಡಳಿಯ ಮುಂದೆ ನಿಲ್ಲಿಸಿದರು. ಮೂರು ಜನ ಮೇಜಿನ ಆಚೆ. ನಡುವಿನ ಬಿಳಿಕೂದಲಿನ ಹೆಂಗಸು ಕನ್ನಡಕದ ಮೇಲಿಂದ ನೋಡಿ, ಮೂಲ ಪ್ರಮಾಣಪತ್ರ ತೋರಿಸಿ ಎಂದಳು. ಸುಟ್ಟುಹೋಗಿದೆ ಎಂದ. ನಿಮ್ಮ ವಿಶ್ವವಿದ್ಯಾಲಯದಿಂದ ಇನ್ನೊಂದು ತರಿಸಿ ಎಂದಳು. ವಿಶ್ವವಿದ್ಯಾಲಯವೂ ಸುಟ್ಟುಹೋಗಿದೆ ಎಂದ. ಹಾಗಾದರೆ ನೀವು ಡಾಕ್ಟರ್ ಎಂದು ನಾವು ಹೇಗೆ ನಂಬುವುದು ಎಂದು ಅವಳು ಕೇಳಿದಾಗ ಇದ್ರಿಸ್ ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟ. ಸಂಗೀತ ಬಂತು. ಶೋಭಾ ನನ್ನ ಕಡೆ ನೋಡಿದಳು.

"ನೀವ್ಯಾಕ್ರಿ ಹಿಂಗ ಬೆವರಾಕತ್ತೀರಿ? ಡಿಗ್ರಿ ಹೋಗಿದ್ದು ಅವಂದು."

"ಸೆಖಿ ಐತಿ" ಎಂದೆ.

ಆಮೇಲೆ ಅವಳೇ ಸಹಜವಾಗಿ ಕೇಳಿದಳು. "ನಿಮ್ದು ಎಲ್ಲೈತ್ರಿ?"

ನನ್ನದು ಎಲ್ಲಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ದೇವರ ಜಗಲಿಯ ಮೇಲೆ, ಎಲ್ಲಮ್ಮನ ಫೋಟೋದ ಹಿಂದೆ ಇದೆ. ಪದವಿ ಬಂದ ವರ್ಷ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆಂದಾಗ ಅಪ್ಪ ಗದರಿದ್ದ. "ಕಾಜ ಹಾಕಿ ಗ್ವಾಡಿಗೆ ಹಾಕೂದು ಸತ್ತವರ ಫೋಟೋ. ಇದು ಇನ್ನೂ ದುಡೀಬೇಕು." ಹಾಗೆ ಅದು ಜಗಲಿ ಏರಿತು. ಮಹಾನವಮಿಯ ಖಂಡೇಪೂಜೆಗೆ ಹೊಲ ಮಾಡುವ ನಮ್ಮಣ್ಣನ ಕುಡಗೋಲು, ಕಳೆ ಕೀಳುವ ಕುರ್ಚಿಗಿ, ಕುಂಟೆಯ ಸಾಲಿನಲ್ಲೇ ನನ್ನ ಬಿ.ಎಸ್ಸಿ.ಯನ್ನೂ ಇಟ್ಟು ಅವ್ವ ಪೂಜೆ ಮಾಡಿದಳು. ಕಾಗದಕ್ಕೆ ಎಂಥ ಆಯುಧಪೂಜೆ ಎಂದು ಅಣ್ಣ ನಕ್ಕರೆ, "ನಿನ್ನ ಹೊಟ್ಟಿ ತುಂಬಸೂದು ಕುಡಗೋಲ, ಅವನ ಹೊಟ್ಟಿ ತುಂಬಸೂದು ಈ ಹಾಳಿ. ಎರಡಕ್ಕೂ ಅರಿಶಿಣ ಹಚ್ಚತೇನಿ, ನಿಂದೇನ ಗಂಟ ಹೋತು?" ಎಂದಳು. ಅಪ್ಪ ತೀರಿಕೊಂಡು, ಅವ್ವ ನಮ್ಮೊಂದಿಗೆ ರಾಣೆಬೆನ್ನೂರಿಗೆ ಬಂದಾಗ ಜಗಲಿಯೂ ಬಂತು, ಡಿಗ್ರಿಯೂ ಬಂತು. ಪ್ರತಿ ಮಹಾನವಮಿಗೆ ಪೂಜೆ ನಡೆದೇ ಇತ್ತು. ನಾನು ಮೊದಲ ವರ್ಷವೇ ಝೆರಾಕ್ಸ್ ತೆಗೆಸಿಟ್ಟಿದ್ದೆ. ನೌಕರಿಗೂ ಆಮೇಲೆ ಎಲ್ಲದಕ್ಕೂ ಸಹಿ ಮಾಡಿಸಿದ ಝೆರಾಕ್ಸೇ ಸಾಕಾಗಿತ್ತು. ಮೂಲಪ್ರತಿಯನ್ನು ನಾನು ನೋಡುತ್ತಿದ್ದುದು ವರ್ಷಕ್ಕೊಮ್ಮೆ, ಚೆಂಡುಹೂವಿನ ಮರೆಯಲ್ಲಿ, ಕೈಮುಗಿದು, ಅರ್ಧ ಕಣ್ಣು ಮುಚ್ಚಿ.

ಧಾರಾವಾಹಿಯ ಈ ಕಂತು ನೋಡಿದ ಮೂರನೆಯ ದಿನ ಶಾಲೆಗೆ ಸುತ್ತೋಲೆ ಬಂತು. ಯಾರೋ ಎಲ್ಲೋ ನಕಲಿ ಪದವಿ ಕೊಟ್ಟು ನೌಕರಿ ಹಿಡಿದಿದ್ದು ಸಿಕ್ಕಿದೆಯಂತೆ. ಆದ್ದರಿಂದ ಎಲ್ಲ ಶಿಕ್ಷಕರೂ ಸೋಮವಾರ ಹಾವೇರಿಯ ಶಿಕ್ಷಣ ಕಚೇರಿಗೆ ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗಬೇಕು, ದಾಖಲೆ ಹೊಂದದವರನ್ನು ಕೆಲಸದಿಂದ ತೆಗೆಯಲಾಗುವುದು. ಹೆಡ್‌ಮಾಸ್ತರರು ಅದನ್ನು ಎರಡು ಸಲ ಓದಿದರು. ಎರಡನೆಯ ಸಲ ನನ್ನನ್ನೇ ನೋಡುತ್ತ ಓದಿದಂತೆ ಅನಿಸಿತು. ಅವರಿಗೆ ಮೆಳ್ಳಗಣ್ಣು ಎಂಬುದು ಆ ಗಾಬರಿಯಲ್ಲಿ ಮರೆತೇಹೋಗಿತ್ತು.

ಮನೆಗೆ ಬಂದವನೇ ಕಾಲು ತೊಳೆದು ಜಗಲಿಯ ಮುಂದೆ ನಿಂತೆ. ಎಲ್ಲಮ್ಮನನ್ನು ಸರಿಸಿ ಡಿಗ್ರಿ ಎಳೆದೆ. ಕೈಗೆ ಬಂದದ್ದು ಕಾಗದವೋ ಜಾತ್ರೆಯ ಪಲ್ಲಕ್ಕಿಯ ವಸ್ತ್ರವೋ ತಿಳಿಯಲಿಲ್ಲ. ಮೂಲೆಗಳಿಗೆ ಅರಿಶಿಣ, ನಡುವೆ ವಿಭೂತಿಯ ಮೂರು ಗೆರೆ, ದೀಪದ ಎಣ್ಣೆ ಬಿದ್ದ ಕಡೆ ಆಚೆಯ ಗೋಡೆ ಕಾಣುವಷ್ಟು ಪಾರದರ್ಶಕ. ಹೆಸರು ಉಳಿದಿತ್ತು. ಕುಲಪತಿಗಳ ಸಹಿಯ ಬಾಲ ಉಳಿದಿತ್ತು. ರಿಜಿಸ್ಟರ್ ನಂಬರು ಇರಬೇಕಾದಲ್ಲಿ ಮಾತ್ರ ಪ್ರತಿ ವರ್ಷ ಹಚ್ಚಿದ್ದೆಲ್ಲ ಸೇರಿ ರೂಪಾಯಿಯಗಲದ ಅರಿಶಿಣದ ಹೊಪ್ಪಳಿಕೆ ಕುಳಿತಿತ್ತು.

"ಯವ್ವಾ, ಇಲ್ಲೇ ಯಾಕ ಹಚ್ಚೀದಿ?" ಎಂದು ಹೊಪ್ಪಳಿಕೆಗೆ ಬೆರಳಿಟ್ಟು ಕೇಳಿದೆ.

"ಅದ ಹಣಿ ಅಲ್ಲೇನೋ? ಮ್ಯಾಲ, ನಟ್ಟನಡುವ. ಹಣಿಗೆ ಬಿಟ್ಟು ಮೊಣಕಾಲಿಗೆ ಹಚ್ಚಲೇನ?"

ಇನ್ನೊಂದು ಪ್ರತಿ ಕೇಳಬಹುದಲ್ಲ ಎಂದು ಶೋಭಾ ಹೇಳಿದಳು. ಕೇಳಬಹುದು. ಕಳೆದುಹೋಗಿದೆ ಎಂದು ಪೊಲೀಸರಿಗೆ ಬರೆದುಕೊಡಬೇಕು. ಕಳೆದಿಲ್ಲ, ಮನೆಯಲ್ಲೇ ದೇವರಾಗಿ ಕುಳಿತಿದೆ. ಮೇಲಾಗಿ ಅದು ಬರಲು ತಿಂಗಳುಗಟ್ಟಲೆ ಬೇಕು, ಉಳಿದಿದ್ದು ಮೂರು ದಿನ. ಇದ್ರಿಸನ ವಿಶ್ವವಿದ್ಯಾಲಯ ಸುಟ್ಟುಹೋಗಿತ್ತು. ನನ್ನದು ಗಟ್ಟಿಮುಟ್ಟಾಗಿ ನಿಂತಿದ್ದರೂ ನನ್ನ ಗತಿ ಅವನಿಗಿಂತ ಬೇರೆಯಾಗಿರಲಿಲ್ಲ. ಅವನ ಮೇಲೆ ಬಾಂಬು ಹಾಕಿದವರು ವೈರಿಗಳು ಎಂಬ ಸಮಾಧಾನವಾದರೂ ಅವನಿಗಿತ್ತು.

ಆಗ ನನಗೆ ಧೈರ್ಯ ಬಂತು. ಹೆದರಿದವನಿಗೆ ಬರುವ ಧೈರ್ಯದಷ್ಟು ಅಪಾಯದ್ದು ಇನ್ನೊಂದಿಲ್ಲ. ಟೇಬಲ್ಲಿನ ಮೇಲೆ ಬಿಳಿಯ ಟವೆಲ್ ಹಾಸಿ ಡಿಗ್ರಿಯನ್ನು ಅಂಗಾತ ಮಲಗಿಸಿದೆ. ಬಾಗಿಲು ಹಾಕಿಸಿದೆ. ದೀಪ ಹತ್ತಿರ ಎಳೆದೆ. ತೋಳು ಮಡಚಿ, ಕೈ ಚಾಚಿ "ಹತ್ತಿ" ಎಂದೆ. ಶೋಭಾ ಹತ್ತಿ ಕೊಟ್ಟಳು. "ಸಾಬೂನ ನೀರು" ಎಂದೆ. ಅವಳು ತುಸು ಅನುಮಾನಿಸಿ ಭಾಂಡೆ ತಿಕ್ಕುವ ಸಾಬೂನಿನ ನೀರು ಕೊಟ್ಟಳು. ಹತ್ತಿಯನ್ನು ಅದ್ದಿ, ಉಸಿರು ಬಿಗಿಹಿಡಿದು, ಹಣೆಯ ಮೇಲೆ ಮೆಲ್ಲಗೆ ಒರೆಸಿದೆ.

ಡಿಗ್ರಿ ರಕ್ತ ಕಾರಿತು.

ಸುಳ್ಳಲ್ಲ. ಹಳದಿ ಇದ್ದದ್ದೆಲ್ಲ ಕಣ್ಣೆದುರಿಗೇ ಕೆಂಪಾಗಿ, ಹತ್ತಿ ಕೆಂಪಾಗಿ, ಟವೆಲ್ಲಿಗೂ ಕೆಂಪು ಇಳಿಯಿತು. ಅವ್ವ "ಯಪ್ಪಾ, ಹರಿದಿ ಅದರ ಹೊಟ್ಟಿ!" ಎಂದು ಕೂಗಿ ಜಗಲಿಯ ಕಡೆ ಕೈಮುಗಿದಳು. ನಾನು ಹತ್ತಿಯನ್ನು ಕೈಯಿಂದ ಬಿಟ್ಟೆ. ಅರಿಶಿಣಕ್ಕೆ ಸಾಬೂನು ಸೋಕಿದರೆ ಕೆಂಪಾಗುತ್ತದೆ. ಇದನ್ನು ಏಳನೇ ಇಯತ್ತೆಯ ಮಕ್ಕಳಿಗೆ ಪ್ರತಿ ವರ್ಷ ನಾನೇ ಮಾಡಿ ತೋರಿಸುತ್ತೇನೆ. ಪರೀಕ್ಷೆಯಲ್ಲಿ ಕೇಳುತ್ತೇನೆ. ಬರೆಯದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು.

"ಸರೀರಿ ಅತ್ತಾಗ" ಎಂದು ಶೋಭಾ ನನ್ನನ್ನು ದೂಡಿದಳು. ಒಳಗೆ ಹೋಗಿ ನಿಂಬೆಹಣ್ಣು ಹೋಳು ಮಾಡಿ ತಂದು, ಹನಿಹನಿಯಾಗಿ ಹಿಂಡಿ ಒತ್ತಿ ತೆಗೆದಳು. ಕೆಂಪು ಹೋಗಿ ಮತ್ತೆ ಹಳದಿಯಾಯಿತು. "ಸೀರಿಗೆ ಹಿಂಗ ಆದಾಗ ನಿಂಬಿಹಣ್ಣ ಹಿಂಡ್ತೇವಿ. ಇದಕ್ಕೇನ ಬಿ.ಎಸ್ಸಿ. ಬೇಕೇನ್ರಿ?" ರೋಗಿ ಬದುಕಿತು. ಆದರೆ ನಂಬರು ಕೈಬರಹದ ಶಾಯಿಯದಾಗಿತ್ತು. ಕೊನೆಯ ಎರಡು ಅಂಕಿ ಹತ್ತಿಗೆ ಅಂಟಿಕೊಂಡು ಹೋಗಿಬಿಟ್ಟವು.

ಸೋಮವಾರ ಹಾವೇರಿಯ ಬಸ್ಸಿನಲ್ಲಿ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಕುಳಿತೆ. ಪಕ್ಕದ ಹೆಣ್ಣುಮಗಳು ಕೂಸೆಂದು ತಿಳಿದು ಕಿಟಕಿಯ ಕಡೆಯ ಸೀಟು ಬಿಟ್ಟುಕೊಟ್ಟಳು. ಟ್ರಂಕಿನಿಂದ ಅಂಕಪಟ್ಟಿಗಳನ್ನೂ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದೆ. ಅವಕ್ಕೆ ಪೂಜೆಯ ಭಾಗ್ಯ ಇರಲಿಲ್ಲವಾದ್ದರಿಂದ ಅಚ್ಚುಕಟ್ಟಾಗಿದ್ದವು. ಬೇಕಾದವು ಮಾತ್ರವಲ್ಲ, ಬೇಡವಾದವೂ ಆ ಕಟ್ಟಿನಲ್ಲಿದ್ದವು. ಬಿ.ಎಸ್ಸಿ.ಯನ್ನು ಒಂದೇ ಹೊಡೆತಕ್ಕೆ ಪಾಸು ಮಾಡಿದೆ ಎಂದು ನಾನು ಶಾಲೆಯಲ್ಲಿ, ಬಳಗದಲ್ಲಿ, ಶೋಭಾಳನ್ನು ನೋಡಲು ಹೋದಾಗ ಬ್ಯಾಡಗಿಯಲ್ಲಿ ಹೇಳಿಕೊಂಡಿದ್ದೆ. ಕೆಮಿಸ್ಟ್ರಿ ಹಾಗೆ ಹೇಳುತ್ತಿರಲಿಲ್ಲ. ಆ ಅಂಕಪಟ್ಟಿಗಳನ್ನು ಹರಿದುಹಾಕಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಆದರೆ ಕಾಗದ ಹರಿಯಲೂ ಧೈರ್ಯ ಬೇಕು.

ಕಚೇರಿಯಲ್ಲಿ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಒಳಗೆ ಮೇಜಿನ ಹಿಂದೆ ನದಾಫ ಮೇಡಂ ಎಂಬುವವರು. ನನಗಿಂತ ಹತ್ತು ವರ್ಷ ಚಿಕ್ಕವರು. ಮುಖದಲ್ಲಿ ನಗೆಯ ಗೆರೆ ಇರಲಿಲ್ಲ. ನನ್ನ ಸರದಿ ಬಂದಾಗ ಟವೆಲ್ ಬಿಚ್ಚಿದೆ. ಅವರು ಡಿಗ್ರಿಯನ್ನು ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿದರು. ಮೂಸಿ ನೋಡಿದರು.

"ನಿಂಬಿಹಣ್ಣಿನ ವಾಸನಿ ಬರಾಕತ್ತೈತಲ್ರಿ ಸರ್."

"ಹೌದ್ರಿ ಮೇಡಂ."

"ಏನ ಮಾಡೀರಿ ಇದಕ್ಕ?"

ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನೆರಡು ಅಂಗೈಗಳನ್ನು ಮೇಜಿನ ಮೇಲಿಟ್ಟಿದ್ದು ನನಗೆ ತಿಳಿಯಲೇ ಇಲ್ಲ. ಸಂಗೀತ ಬರಲಿಲ್ಲ. "ಕೈ ತಗೀರಿ, ರಜಿಸ್ಟರ್ ಐತಿ ಅಲ್ಲೆ" ಎಂದರು.

"ಸಾಬೂನ ಹಚ್ಚಿದ್ರಿ, ಅರಿಶಿಣಕ್ಕ?"

"ಹೌದ್ರಿ."

"ವಿಷಯ ಯಾವುದ್ರಿ ನಿಮ್ದು?"

ಆ ಕ್ಷಣ ಸಮಾಜಶಾಸ್ತ್ರ ಎಂದು ಹೇಳುವ ಆಸೆಯಾಯಿತು. "ವಿಜ್ಞಾನರಿ" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮು ರೋಗದ್ದಾಗಿರಲಿಲ್ಲ.

ಮೇಡಂ ಅಂಕಪಟ್ಟಿ ಕೇಳಿದರು. ಅವಸರದಲ್ಲಿ ಕಟ್ಟು ಬಿಚ್ಚುವಾಗ ಎಲ್ಲವೂ ಮೇಜಿನ ಮೇಲೆ ಹರಡಿಕೊಂಡವು. ಅವರು ಒಂದೊಂದನ್ನೇ ಎತ್ತಿ, ನಂಬರು ಹೊಂದಿಸುತ್ತ, ಸಾಲಿಗೆಲ್ಲ ಕೇಳುವಂತೆ ಓದಿದರು. "ಕೆಮಿಸ್ಟ್ರಿ, ನಪಾಸ್." ಇನ್ನೊಂದು ಎತ್ತಿದರು. "ಕೆಮಿಸ್ಟ್ರಿ, ಮತ್ತ ನಪಾಸ್." ಮೂರನೆಯದನ್ನು ಎತ್ತುವಾಗ ಇಡೀ ಸಾಲೇ ಉಸಿರು ಹಿಡಿದಿತ್ತು. "ಪಾಸ್!" ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ನೌಕರಿ ಹೋದರೂ ಚಿಂತೆಯಿಲ್ಲ, ಭೂಮಿ ಬಾಯ್ದೆರೆದರೆ ಸಾಕು ಎಂದು ನಿಂತೆ.

ಮೇಡಂ ಅಂಕಪಟ್ಟಿಗಳನ್ನು ಜೋಡಿಸಿದರು. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಗುರುತು ಹಾಕಿ ಸಹಿ ಮಾಡಿದರು. "ಹೋಗ್ರಿ ಸರ್. ಉಳಿದಷ್ಟು ನಂಬರ ಹೊಂದತೈತಿ. ಅದಿರ್ಲಿ, ನಕಲಿ ಮಾಡಸವ್ರು ಫಸ್ಟ್ ಕ್ಲಾಸೇ ಮಾಡಸ್ತಾರ. ಎರಡ ಸಲ ನಪಾಸ್ ಆದ ನಕಲಿ ಡಿಗ್ರಿ ನಾ ಇನ್ನೂ ನೋಡಿಲ್ಲ." ನಾನು ಕೈಮುಗಿದು ಟವೆಲ್ ಸುತ್ತುತ್ತಿದ್ದಾಗ ದನಿ ತಗ್ಗಿಸಿ ಅಂದರು. "ನಮ್ಮನ್ಯಾಗ ನಾನ ಮೊದಲ ಓದಿದಾಕಿ. ನಮ್ಮಮ್ಮಿ ನನ್ನ ಡಿಗ್ರಿಗೆ ಈದಿಗೊಮ್ಮೆ ಅತ್ತರ ಹಚ್ತಿದ್ಲು. ಸಹಿ ಎಲ್ಲಾ ಅಳಸಿಹೋಗೈತ್ರಿ. ಸಾಬೂನ ಹಚ್ಚಬ್ಯಾಡ್ರಿ ಮತ್ತ."

ಅಂದು ಸಂಜೆ ಧಾರಾವಾಹಿಯಲ್ಲಿ ಇದ್ರಿಸ್ ಆ ದೇಶದ ವೈದ್ಯಪರೀಕ್ಷೆ ಬರೆದು ಒಂದೇ ಸಲಕ್ಕೆ, ಎಲ್ಲರಿಗಿಂತ ಹೆಚ್ಚು ಅಂಕ ತೆಗೆದು ಪಾಸಾದ. ಶೋಭಾ ಮತ್ತೆ ಕಣ್ಣೊರೆಸಿಕೊಂಡಳು. ಕೆಲಸ ಉಳಿದ ಸಂತೋಷದಲ್ಲಿ ನನಗೆ ನಾಲಿಗೆಯ ಮೇಲೆ ಹಿಡಿತ ತಪ್ಪಿತ್ತು. "ಒಂದ ಸಲಕ್ಕ ಪಾಸಾದವ್ರನ್ನ ನಂಬಬಾರದು. ಇವನ ಕಾಗದ ಒಮ್ಮೆ ಸರಿಯಾಗಿ ತಪಾಸಣೆ ಮಾಡಬೇಕು" ಎಂದೆ.

"ಅಯ್ಯ, ನೀವೂ ಒಂದ ಸಲಕ್ಕ ಪಾಸಾದವ್ರ ಅಲ್ಲೇನ್ರಿ?" ಎಂದಳು ಶೋಭಾ.

ನಾನು ಬಾಯಿ ತೆರೆಯುವ ಮೊದಲೇ ಗೋಡೆಯ ಕಡೆಯಿಂದ ಅವ್ವ ಅಂದಳು. "ಯಾರು, ಇಂವನ? ಮೂರ ಸಲ ಬರದಾನ. ಮೂರೂ ಸಲ ಬುತ್ತಿ ಕಟ್ಟಿ ಕಳಿಸಿದಾಕಿ ನಾ."

ಶೋಭಾ ಟಿ.ವಿ.ಯ ಸದ್ದು ಪೂರ್ತಿ ಇಳಿಸಿ, ರಿಮೋಟ್ ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗಿ ಕುಳಿತಳು. ನದಾಫ ಮೇಡಂ ಮುಂದೆ ನಿಂತಾಗಲೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ.