ನನ್ನ ಬೆನ್ನುಹುರಿಗೆ ಕರೆಂಟು ಕೊಡುವ ಯಂತ್ರದವರ ಸನ್ನಿಧಿಗೆ

ಮಾನ್ಯರೇ,

ಬೆಂಕಿಪೊಟ್ಟಣದಷ್ಟೇ ಗಾತ್ರದವರಾಗಿ ನನ್ನ ಸೊಂಟದ ಚರ್ಮದಡಿ ಬಿಡಾರ ಹೂಡಿ, ಅಲ್ಲಿಂದ ಬೆನ್ನುಹುರಿಯವರೆಗೆ ತಂತಿ ಎಳೆದುಕೊಂಡಿರುವ ತಮಗೆ, ಟಿ. ದಾಸರಹಳ್ಳಿಯ ನಿವಾಸಿಯೂ ಪೀಣ್ಯದ ಕಾರ್ಖಾನೆಯೊಂದರ ಸೂಪರ್‌ವೈಸರನೂ ಆದ ಮುರಿಗೆಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವನ್ನು ಮನಸ್ಸಿನಲ್ಲೇ ಮಾಡಿದ್ದೇನೆ. ಸದ್ಯಕ್ಕೆ ಹೆಚ್ಚು ಬಗ್ಗಿದರೆ ತಂತಿ ಜರುಗೀತೆಂದು ಡಾಕ್ಟರು ಎಚ್ಚರಿಸಿದ್ದಾರೆ.

ತಮ್ಮ ಮೇಲೆ ನನ್ನ ದೂರು ಇಷ್ಟೇ: ತಾವು ನನ್ನ ಮಾನ ಕಳೆದಿರಿ.

ಎರಡು ವರ್ಷದ ಹಿಂದೆ ನನ್ನ ಎಡಪಾದದ ಮೇಲೆ ಕಬ್ಬಿಣದ ಪ್ಲೇಟೊಂದು ಬಿತ್ತು. ಮೂಳೆ ಎರಡು ತಿಂಗಳಲ್ಲಿ ಕೂಡಿಕೊಂಡಿತು, ನೋವು ಮಾತ್ರ ಹೋಗಲಿಲ್ಲ. ಫ್ಯಾನಿನ ಗಾಳಿ ತಾಗಿದರೆ ಕೆಂಡ ಸುರಿದಂತೆ, ಹೊದಿಕೆ ಸೋಕಿದರೆ ಚರ್ಮ ಸುಲಿದಂತೆ. ಕಾರ್ಖಾನೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇದ್ರಲ್ಲಿ ಏನೂ ಇಲ್ವಲ್ರೀ, ನೋವು ಎಲ್ಲಿಂದ ಬರುತ್ತೆ?" ಎಂದರು. ಆ ಪ್ರಶ್ನೆ ನನ್ನದೇ. ಅಪಘಾತಕ್ಕೆ ಒಂದು ವರ್ಷ ಮೊದಲು, ಬೆನ್ನುನೋವೆಂದು ರಜೆ ಕೇಳಿದ ಲೇತ್ ಆಪರೇಟರ್ ಹನುಮೇಶನಿಗೆ ಇಡೀ ಶಿಫ್ಟಿನ ಎದುರು ಅದನ್ನೇ ಕೇಳಿ, "ನಾಟಕ ಸಾಕು, ಮಿಷನ್ ಹತ್ರ ಹೋಗು" ಎಂದೂ ಸೇರಿಸಿದ್ದ ಪುಣ್ಯಾತ್ಮ ನಾನು.

ಕೊನೆಗೆ ನೋವಿನ ಚಿಕಿತ್ಸೆಯ ಡಾಕ್ಟರ್ ಯಾಮಿನಿಯವರು, "ನಿಮ್ಮ ನೋವು ನಿಜಾನೇ. ಗಾಯ ಮಾಗಿದ್ರೂ ನರ ಇನ್ನೂ ಕೂಗ್ತಾ ಇದೆ" ಎಂದಾಗ, ನಲವತ್ತು ಜನರನ್ನು ಗದರಿಸುವ ಗಂಡಸಾದ ನಾನು ಅವರ ಮೇಜಿನ ಟಿಶ್ಯೂ ಡಬ್ಬಿಯನ್ನು ಖಾಲಿ ಮಾಡಿದೆ. ಆ ಕೂಗನ್ನು ಕರೆಂಟಿನಿಂದ ತಗ್ಗಿಸಬಹುದೇ ಎಂದು ತಂತಿಯನ್ನಷ್ಟೇ ಒಳಗಿಟ್ಟು ಒಂದು ವಾರ ಪರೀಕ್ಷಿಸಿ, ಆಮೇಲೆ ತಮ್ಮನ್ನೂ ಒಳಗೆ ಕೂರಿಸಿದರು.

ನೋವು ಪೂರ್ತಿ ಹೋಗಿಲ್ಲ. ಕಿರುಚಾಟ ಗೊಣಗಾಟವಾಗಿದೆ, ಅಷ್ಟೆ. ಆದರೂ ಒಂದು ಸೋಮವಾರ ಎಡಗಾಲಿಗೆ ಕಾಲುಚೀಲ ಏರಿಸಿ, ಉರಿಯದಿದ್ದುದನ್ನು ಕಂಡು, ಮಂಚದ ಮೇಲೆ ಕೂತು ಅತ್ತೆ. "ಕಾಲುಚೀಲ ನೋಡಿ ಅಳೋರನ್ನ ಇವತ್ತೇ ಕಂಡಿದ್ದು" ಎಂದ ಹೆಂಡತಿ ಶಿವಲಿಂಗಮ್ಮ, ಇನ್ನೊಂದನ್ನು ತಾನೇ ತೊಡಿಸಿ, ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಅಂದೇ ಕ್ಯಾಂಟೀನಿನಲ್ಲಿ, ಎಲ್ಲರ ಎದುರು, ಹನುಮೇಶನ ಮುಂದೆ ನಿಂತು, "ತಪ್ಪಾಯ್ತು ಕಣಪ್ಪ, ಅವತ್ತು ನಿನ್ನ ನೋವನ್ನ ನಾನು ನಂಬಲಿಲ್ಲ" ಎಂದೆ. ಅವನು ಬೈದಿದ್ದರೆ ನನ್ನ ಮಾನ ಅಷ್ಟಿಷ್ಟು ಉಳಿಯುತ್ತಿತ್ತು. ಆತ ಎದ್ದು, ತನ್ನ ಕುರ್ಚಿಯನ್ನು ನನ್ನತ್ತ ಎಳೆದು, "ಮೊದ್ಲು ಕೂತ್ಕೊಳ್ಳಿ ಸಾರ್, ನಿಂತ್ರೆ ಕಾಲು ನೋಯುತ್ತೆ" ಎಂದುಬಿಟ್ಟ.

ಆದ್ದರಿಂದ ತಾವು ದಯಮಾಡಿ ಇನ್ನೊಂದು ತಂತಿಯನ್ನು ನನ್ನ ನಾಲಗೆಗೂ ಎಳೆದು, ಯಾರ ನೋವನ್ನಾದರೂ ಅಳೆಯಲು ಅದು ಹೊರಟ ಕೂಡಲೇ ಸಣ್ಣದೊಂದು ಶಾಕ್ ದಯಪಾಲಿಸಬೇಕಾಗಿ ಬೇಡಿಕೊಳ್ಳುತ್ತೇನೆ. ತಮ್ಮ ಕರೆಂಟನ್ನು ಏರಿಸಿ ಇಳಿಸಲು ನನಗೆ ಕೊಟ್ಟಿರುವ ರಿಮೋಟನ್ನು ಹನುಮೇಶನ ಕೈಗೆ ಕೊಡಲು ನನ್ನ ಒಪ್ಪಿಗೆಯಿದೆ.

ಇಂತು, ಪ್ರತಿ ಚಾರ್ಜಿಗೂ ತಮ್ಮ ವಿಶ್ವಾಸಿಯಾದ,
ಮುರಿಗೆಪ್ಪ

ತಾ.ಕ.: ನಾನು ಮೆತ್ತಗಾದ ಸುದ್ದಿ ಹರಡಿ, ಕಳೆದ ಗುರುವಾರ ಒಂಬತ್ತು ಮಂದಿಗೆ ಒಟ್ಟಿಗೇ ಬೆನ್ನುನೋವು ಬಂತು. ಎಲ್ಲರಿಗೂ ರಜೆ ಕೊಟ್ಟೆ. ಆರು ಮಂದಿ ಅತ್ತಿಬೆಲೆಯ ಒಂದೇ ಮದುವೆಯ ಫೋಟೋದಲ್ಲಿ ನಗುತ್ತಿದ್ದಾರೆ. ಉಳಿದ ಮೂವರ ನೋವು ನಿಜವಿದ್ದೀತು; ಅವರಿಗಾಗಿ ನಾನು ಯಾರನ್ನೂ ಏನೂ ಕೇಳಿಲ್ಲ.