ಕಲ್ಲಿನಲ್ಲಿ ಕಾಳಿರುವ ತನಕ

ನಾನು ಮೈಕಿನ ಮುಂದೆ ಕೂತರೆ ಸಾಕು, ಹಾಡೊಂದನ್ನು ಬಿಟ್ಟು ಬೇರೆಲ್ಲ ನಡೆಯುತ್ತದೆ. ಚಾಮರಾಜನಗರದ ಕಡೆಯಿಂದ ಮದುವೆಯಾಗಿ ಬೆಳಗಾವಿಗೆ ಬಂದವಳು ನಾನು. ಸದಾಶಿವನಗರದಲ್ಲೇ ತಲೆ ನೆರೆಯಿತು. ನಮ್ಮಮ್ಮ ರಾಗಿ ಬೀಸುತ್ತಾ ಹಾಡುತ್ತಿದ್ದ ಒಂದು ಪದವಿದೆ, ತವರಿಗೆ ಹೊರಟ ಹೆಣ್ಣಿನ ಕಥೆ. ಯಾವ ವೇದಿಕೆಯಲ್ಲೂ ಆ ಹೆಣ್ಣು ತವರು ಮುಟ್ಟಿರಲಿಲ್ಲ. ಅವಳು ಅರ್ಧ ದಾರಿಯಲ್ಲಿರುವಾಗಲೇ ಯಾರಾದರೂ ಗಂಟೆ ಬಾರಿಸುತ್ತಿದ್ದರು. ಸಾಯುವುದರೊಳಗೆ ಒಮ್ಮೆಯಾದರೂ ಅವಳನ್ನು ಮನೆ ಸೇರಿಸಬೇಕೆಂಬುದು ನನ್ನ ಆಸೆ.

ಟಿಕೆಟ್

ಹಲಸಿಯಲ್ಲಿ ಸಣ್ಣದೊಂದು ಜಾನಪದ ಉತ್ಸವ ಮಾಡುತ್ತಿದ್ದವರೊಬ್ಬರು ಫೋನ್ ಮಾಡಿದರು.

"ಬಾಯಾರ, ನಿಮ್ಮ ಕಡೆ ಬೀಸೋ ಪದ ಹಾಡ್ಬೇಕ್ರಿ."

"ಪೂರ್ತಿ ಹಾಡಲು ಬಿಡ್ತೀರಾ?"

"ಎಷ್ಟ ಬೇಕಾದಷ್ಟ ಹಾಡ್ರಿ. ನಿಮ್ಮನ್ನ ಯಾರ್ ತಡೀತಾರ?"

ಸಂತೋಷಕ್ಕೆ, ಮನೆಯಲ್ಲಿರುವ ಬೀಸುವ ಕಲ್ಲನ್ನೂ ತರಲೇ ಎಂದು ಕೇಳಿದೆ. ಅವರು ಹೇಳಿದರು: "ಬ್ಯಾಡ್ರಿ, ಇಲ್ಲೇ ನಮ್ಮ ಅತ್ತಿ ಮನ್ಯಾಗೊಂದ ಐತಿ. ಬಸ್ಸಿನ್ಯಾಗ ನಿಮಗ ಫ್ರೀ ಐತಿ ಖರೇ, ಕಲ್ಲಿಗೆ ಟಿಕೆಟ್ ತಗೀತಾರ."

ಕಡೀ ನುಡಿ

ಖಾನಾಪುರದಲ್ಲಿ ಬಸ್ಸು ಬದಲಿಸಿ ಹಲಸಿ ಮುಟ್ಟಿದಾಗ ಸತ್ಕಾರ ನಡೆದಿತ್ತು. ಊಟ ಮಾಡಿ ಬಂದೆ, ಸತ್ಕಾರ ನಡೆದಿತ್ತು. ಪೆಂಡಾಲ್ ಹಾಕಿದವರಿಗೆ ಶಾಲು, ಮೈಕಿನವರಿಗೆ ಶಾಲು. ಶಾಲು ಹೊದಿಸಿ ಹೊದಿಸಿ ದಣಿದವರಿಗೂ ಒಂದು ಶಾಲು. ಕಡೆಗೆ ನನ್ನ ಹೆಸರು ಕೂಗುವ ಮೊದಲು, ಫೋನ್ ಮಾಡಿದ್ದ ಅದೇ ಸಂಚಾಲಕರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ಬಾಯಾರ, ಎರಡ ಮಿನಿಟ್ನ್ಯಾಗ ಮುಗಸ್ರಿ. ನಿಮ್ಮದ ಆದಮ್ಯಾಲ ಅಧ್ಯಕ್ಷರ ಸತ್ಕಾರ ಐತಿ. ಅವರು ಬೆಳಗಾವ್ಯಾಗ ಇನ್ನೊಂದ ಸತ್ಕಾರಕ್ಕ ಹೋಗ್ಬೇಕು."

"ಎರಡು ನಿಮಿಷದಲ್ಲಿ ನಮ್ಮ ಹೆಣ್ಣು ಹೊಸ್ತಿಲೂ ದಾಟಲ್ಲ, ಸ್ವಾಮಿ."

"ಹಂಗಾರ ಸೀದಾ ಕಡೀ ನುಡಿ ಹಾಡಿಬಿಡ್ರಿ. ಆಕಿ ಮನಿ ಮುಟ್ಟಿದ್ರ ಆತಲ್ರಿ."

ರಟ್ಟೆ

ವೇದಿಕೆಯ ಮೇಲೆ ಕಲ್ಲು ಇಟ್ಟಿದ್ದರು. ನೋಡಲು ಚೆಂದ ಕಾಣಲಿ ಎಂದು ಪಕ್ಕದಲ್ಲಿ ಬುಟ್ಟಿ ತುಂಬ ರಾಗಿ. ನಾನು ಒಂದು ಹಿಡಿ ಹಾಕಿ, ಗೂಟ ಹಿಡಿದು ಹಾಡು ಎತ್ತಿಕೊಂಡೆ. ಮೊದಲ ನುಡಿ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಸೀರೆ ಸಿಕ್ಕಿಸಿಕೊಂಡು ವೇದಿಕೆ ಹತ್ತಿ ನನ್ನ ಎದುರಿಗೆ ಕೂತರು.

"ಒಬ್ಬಾಕಿನ ಬೀಸಿದ್ರ ರಟ್ಟಿ ಹೋಗ್ತಾವು, ಅಕ್ಕಾರ," ಎಂದು ಅವರೂ ಗೂಟ ಹಿಡಿದರು.

"ಈ ಹಾಡು ನಿಮಗೆ ಬರುತ್ತಾ?" ಎಂದೆ.

"ಹಾಡ ಬರೂದಿಲ್ರಿ. ಕಲ್ಲು ನಂದೈತಿ."

ಅಳಿಯಾರಿಗೆ ಹೇಳ್ರಿ

ಸಂಚಾಲಕರ ಅತ್ತೆ ಇವರೇ ಎಂದು ಆಗ ತಿಳಿಯಿತು. ನಾನೊಂದು ನುಡಿ ಹಾಡಿದರೆ ಅವರು ಮರಾಠಿಯಲ್ಲಿ ಒಂದು ಓವಿ, ಅಂದರೆ ಅವರ ಬೀಸುವ ಪದ, ಹಾಡುತ್ತಿದ್ದರು. ಅದೂ ತವರಿನದೇ. ನಡುನಡುವೆ ಬುಟ್ಟಿಗೆ ಕೈ ಹಾಕಿ ಕಲ್ಲಿನ ಬಾಯಿಗೆ ರಾಗಿ ಸುರಿಯುತ್ತಿದ್ದರು. ಸಂಚಾಲಕರು ವೇದಿಕೆಯ ಅಂಚಿಗೆ ಬಂದು ಕೈಗಡಿಯಾರ ತೋರಿಸಿದರು.

ಈ ಕಡೆಯ ಹಳೆಯ ಕಾಲದ ಅತ್ತೆಯರು ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಅಜ್ಜಿ ಸೆರಗು ಮುಂದಕ್ಕೆಳೆದುಕೊಂಡು ನನಗೆ ಹೇಳಿದರು: "ಅಕ್ಕಾರ, ಅಳಿಯಾರಿಗೆ ಹೇಳ್ರಿ, ಕಲ್ಲಾಗ ಕಾಳ ಬಿಟ್ಟ ಏಳಬಾರದು."

ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ಮೈಕು ನಮ್ಮಿಬ್ಬರ ನಡುವೆಯೇ ಇತ್ತು. ಹೆಂಗಸರೆಲ್ಲ "ಹೌದ್ ಹೌದು" ಎಂದರು. ಅಳಿಯ ಎಲ್ಲರಿಗೂ ಎದುರು ಮಾತಾಡಬಲ್ಲವರು, ಅತ್ತೆಗೆ ಮಾತ್ರ ಆಗಲಿಲ್ಲ. ಕೈಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡು ಹಿಂದೆ ಸರಿದರು.

ಅಧ್ಯಕ್ಷರು

ಅಧ್ಯಕ್ಷರಿಗೆ ಅತ್ತೆಯ ಹಂಗಿರಲಿಲ್ಲ, ಅವಸರವಿತ್ತು. ಬುಟ್ಟಿ ನೋಡಿದರು, ಬಾಗಿಲಲ್ಲಿ ನಿಂತ ಕಾರು ನೋಡಿದರು. ಕೊನೆಗೆ ಇಸ್ತ್ರಿ ಮಾಡಿದ ಬಿಳಿ ಜುಬ್ಬದ ತೋಳು ಮಡಚಿ, "ಸರೀರಿ, ಲಗೂ ಮುಗಸೂಣು," ಎಂದು ನಮ್ಮ ಬಾಜೂಕೆ ಕೂತು ತಾವೇ ಗೂಟ ಹಿಡಿದರು.

ಕಲ್ಲು ಗಿರಗಿರನೆ ತಿರುಗಿತು. ನಮ್ಮ ಹೆಣ್ಣು ತವರಿನ ದಾರಿಯಲ್ಲಿ ಸೀರೆ ಎತ್ತಿ ಹಿಡಿದು ಓಡತೊಡಗಿದಳು. ದೊಡ್ಡವರಿಗೆ 'ನಿಧಾನ' ಎನ್ನುವುದು ಹೇಗೆಂದು ನಾನು ಸಂಕೋಚಪಡುತ್ತಿದ್ದೆ. ಅಜ್ಜಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಅಕ್ಕಾರ, ಅಧ್ಯಕ್ಷರಿಗೆ ಹೇಳ್ರಿ, ಗಡಿಬಿಡಿ ಮಾಡಿದ್ರ ಹಿಟ್ಟ ದಪ್ಪ ಬರ್ತೈತಿ."

ಅಧ್ಯಕ್ಷರು ಮೆತ್ತಗಾದರು. ಕಲ್ಲು ನಮ್ಮಮ್ಮನ ಲಯಕ್ಕೆ ಬಂತು. ಕೊನೆಯ ಹಿಡಿ ರಾಗಿಗೆ ಕೊನೆಯ ನುಡಿ ಸರಿಹೋಯಿತು. ಆ ಹೆಣ್ಣು ತವರಿನ ಬಾಗಿಲು ತಟ್ಟಿದಳು, ಅವ್ವ ತೆಗೆದಳು. ಚಪ್ಪಾಳೆ ಬಿತ್ತು. ನಾನು ಕಣ್ಣೊರೆಸಿಕೊಂಡೆ, ಹಿಟ್ಟು ಕಣ್ಣಿಗೆ ಹೋಯಿತು, ಅಷ್ಟೇ.

ಸಂಚಾಲಕರು ಅವಸರವಾಗಿ ಶಾಲು ಬಿಚ್ಚಿಕೊಂಡು ಬಂದರು. ಅಧ್ಯಕ್ಷರು ಮೊಣಕಾಲು ಹಿಡಿದು ಏಳಲು ಹೊರಟಿದ್ದರು. ಅಜ್ಜಿ ಮತ್ತೆ ಸೆರಗು ಎಳೆದುಕೊಂಡರು.

"ಅಕ್ಕಾರ, ಅಳಿಯಾರಿಗೆ ಹೇಳ್ರಿ, ಶಾಲು ಆಮ್ಯಾಲ. ಮೊದಲ ಮನೀಗ್ಹೋಗಿ ಹಿಟ್ಟ ಜರಡಿ ಹಿಡಿಯೂ ಸಾಣಿಗಿ ತರ್ಲಿ. ಅಧ್ಯಕ್ಷರ ಕೈ ಈಗ ಹಿಟ್ಟಿಗೆ ಹೊಂದ್ಯಾವು, ಸಾಣಿಸಿ ಕೊಟ್ಟ ಹೋಗ್ಲಿ."